ಗಾಯಗೊಂಡ ಅಪಧಮನಿ ಮಾಯುವ ಬಗೆ

ಹೃದಯದಿಂದ ಹೊರಟ ರಕ್ತವನ್ನು ಶರೀರದ ವಿವಿಧ ಅಂಗಗಳಿಗೆ ಒಯ್ಯುವ ನಾಳಗಳೇ ಅಪಧಮನಿಗಳು. ಇವುಗಳ ಗೋಡೆಯಲ್ಲಿ ಮೂರು ಪದರಗಳಿವೆ. ಹೊರಪದರವು ನಾಳಕ್ಕೆ ಆಧಾರ ನೀಡುತ್ತದೆ; ನಡುಪದರದ ಸ್ನಾಯುಕೋಶಗಳು ನಾಳವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಒಳಪದರದ ಮೇಲೆ ಒಂದೇ ಸಾಲಿನ ಜೀವಕೋಶಗಳಿಂದಾದ ತೆಳುವಾದ ಹೊದಿಕೆಯಿದೆ. ರಕ್ತವು ನಾಳದೊಳಗೆ ಹೆಪ್ಪುಗಟ್ಟದಂತೆ ಕಾಯುವುದು ಈ ಹೊದಿಕೆಯೇ.

ಧೂಮಪಾನ, ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಹೆಚ್ಚಿದ ಕೊಲೆಸ್ಟರಾಲ್ ಈ ಹೊದಿಕೆಗೆ ಹಾನಿ ಮಾಡುತ್ತವೆ. ಚಿಕಿತ್ಸೆಯಿಂದಲೂ ಗಾಯವಾಗಬಹುದು. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಹೃದಯದ ಅಪಧಮನಿಯೊಂದನ್ನು ಪುಟ್ಟ ಬಲೂನಿನಿಂದ ಮೊದಲ ಬಾರಿಗೆ ಅಗಲಗೊಳಿಸಿದರು. ಆಂಜಿಯೋಪ್ಲಾಸ್ಟಿ ಎಂಬ ಈ ವಿಧಾನದಲ್ಲಿ ನಾಳವು ತೆರೆದುಕೊಳ್ಳುವುದಾದರೂ ಅದರ ಒಳಹೊದಿಕೆ ಹರಿಯುತ್ತದೆ.

ವೃದ್ಧಿಕಾರಕಗಳ ಕಾರ್ಯ

ಗಾಯವಾದೊಡನೆ ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಧಾವಿಸಿ ಅಂಟಿಕೊಳ್ಳುತ್ತವೆ. ಅವು ಬಿಡುಗಡೆ ಮಾಡುವ ಕೆಲವು ಪ್ರೋಟೀನುಗಳಿಗೆ ವೃದ್ಧಿಕಾರಕಗಳೆಂದು ಹೆಸರು. ಜೀವಕೋಶದ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ಇವು ಬೀಗಕ್ಕೆ ಕೀಲಿಯಂತೆ ಹೊಂದಿಕೊಂಡು, ಕೋಶವು ಚಲಿಸುವಂತೆ ಹಾಗೂ ವಿಭಜನೆಗೊಳ್ಳುವಂತೆ ಪ್ರಚೋದಿಸುತ್ತವೆ. ಪ್ಲೇಟ್‌ಲೆಟ್‌ಗಳಿಂದ ಬರುವ ಇಂತಹ ಅಂಶವೊಂದು ಅಪಧಮನಿಯ ಸ್ನಾಯುಕೋಶಗಳನ್ನು ವೃದ್ಧಿಸುವಂತೆ ಮಾಡುತ್ತದೆಂದು ಅಮೆರಿಕದ ರಸೆಲ್ ರಾಸ್ ಮತ್ತು ಅವರ ಸಂಗಡಿಗರು 1974ರಲ್ಲಿ ತೋರಿಸಿದರು. ವೃದ್ಧಿಕಾರಕಗಳ ಶೋಧನೆಗಾಗಿ ಸ್ಟಾನ್ಲಿ ಕೊಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರ ನೊಬೆಲ್ ಪಾರಿತೋಷಕ ಸಂದಿತು.

ಎಲ್ಲ ವೃದ್ಧಿಕಾರಕಗಳ ಕೆಲಸವೂ ಒಂದೇ ಅಲ್ಲ. ಕೆಲವು ಸ್ನಾಯುಕೋಶಗಳನ್ನು ಗಾಯದೆಡೆಗೆ ಸೆಳೆಯುತ್ತವೆ. ಕೆಲವು ಕೋಶಗಳ ನಡುವೆ ಕೊಲಾಜೆನ್ ಎಂಬ ನಾರಿನ ವಸ್ತು ಸೇರುವಂತೆ ಮಾಡುತ್ತವೆ. ಮತ್ತೆ ಕೆಲವು ಒಳಹೊದಿಕೆಯ ಕೋಶಗಳನ್ನು ಬೆಳೆಸಿ ಗಾಯವನ್ನು ಮುಚ್ಚಿಸುತ್ತವೆ. ಇವುಗಳ ಸಮತೋಲನವೇ ಆರೋಗ್ಯಕರ ಮಾಯುವಿಕೆ.

ಮಿತಿಮೀರಿದರೆ

ಸ್ನಾಯುಕೋಶಗಳ ಬೆಳವಣಿಗೆ ಮಿತಿಮೀರಿದಲ್ಲಿ ನಾಳವು ಕೆಲವೇ ತಿಂಗಳುಗಳಲ್ಲಿ ಪುನಃ ಕಿರಿದಾಗಬಹುದು. ನಾಳವನ್ನು ತೆರೆದಿಡಲು ಲೋಹದ ಜಾಲರಿಯಾದ ಸ್ಟೆಂಟ್ ಬಳಕೆಗೆ ಬಂದ ಮೇಲೂ ಈ ತೊಂದರೆ ಪೂರ್ಣವಾಗಿ ನೀಗಲಿಲ್ಲ. ಆದುದರಿಂದ ಕೋಶವಿಭಜನೆಯನ್ನು ತಡೆಯುವ ಸಿರೋಲಿಮಸ್‌ನಂತಹ ಔಷಧಿಯನ್ನು ಲೇಪಿಸಿದ ಸ್ಟೆಂಟ್‌ಗಳನ್ನು ರೂಪಿಸಲಾಯಿತು. ಭಾರತದಲ್ಲಿ 2017ರ ಫೆಬ್ರವರಿಯಿಂದ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಲಾಗಿದೆ.

ಆದರೆ ಈ ಔಷಧಿಯು ಸ್ನಾಯುಕೋಶಗಳೊಡನೆ ಒಳಹೊದಿಕೆಯ ಬೆಳವಣಿಗೆಯನ್ನೂ ನಿಧಾನಗೊಳಿಸುತ್ತದೆ. ಹೊದಿಕೆ ಮುಚ್ಚಿಕೊಳ್ಳುವವರೆಗೆ ಬರಿದಾದ ಲೋಹದ ಮೇಲೆ ರಕ್ತ ಹೆಪ್ಪುಗಟ್ಟಿ, ಹಠಾತ್ತನೆ ಹೃದಯಾಘಾತವಾಗುವ ಅಪಾಯವಿರುತ್ತದೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ಆಸ್ಪಿರಿನ್ ಹಾಗೂ ಅದರೊಡನೆ ಇನ್ನೊಂದು ಮಾತ್ರೆಯನ್ನು ವೈದ್ಯರು ಹಲವು ತಿಂಗಳ ಕಾಲ ನೀಡುವುದು ಇದೇ ಕಾರಣಕ್ಕೆ.

ರೋಗಿಯು ಗಮನಿಸಬೇಕಾದುದು

ಎದೆನೋವು ನಿಂತಿತೆಂದರೆ ಗಾಯ ಮಾಯಿತೆಂದು ಅರ್ಥವಲ್ಲ. ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಗಳನ್ನು ನಿಲ್ಲಿಸಬಾರದು. ಹಲ್ಲು ಕೀಳಿಸುವ ಅಥವಾ ಬೇರೆ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಸ್ಟೆಂಟ್ ಅಳವಡಿಸಿರುವುದನ್ನು ಮೊದಲೇ ತಿಳಿಸಬೇಕು. ಊರಿಗೆ ಹೋಗುವಾಗ ಸಾಕಷ್ಟು ಮಾತ್ರೆಗಳನ್ನೂ ಆಸ್ಪತ್ರೆಯ ದಾಖಲೆಗಳನ್ನೂ ಜೊತೆಗೊಯ್ಯಬೇಕು. ತಂಬಾಕನ್ನು ತ್ಯಜಿಸಿ, ರಕ್ತದೊತ್ತಡ ಹಾಗೂ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡಲ್ಲಿ ಅಪಧಮನಿಗೆ ಹೊಸ ಗಾಯಗಳಾಗುವ ಸಂಭವವು ಕಡಿಮೆಯಾಗುತ್ತದೆ.