ಪರದೆಯ ಮೇಲಿನ ವೀರವನಿತೆಯರು: ಲಾರಾ ಕ್ರಾಫ್ಟ್, ಹೊಯ್ಸಳರ ನಿಧಿ ಮತ್ತು ನಮ್ಮ ಚಾಂದ್ ಬೀಬಿ

ವಿಜಯಪುರ: ನಗರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೊರಟವರಿಗೆ ಊರು ಮುಗಿಯುತ್ತಿದ್ದಂತೆಯೇ ತೊರವಿ ಎದುರಾಗುತ್ತದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದ್ದು ಇಲ್ಲಿಯೇ. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯದ ಆವರಣ ಇರುವುದೂ ಇಲ್ಲಿಯೇ. 2003ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಡಲಾಯಿತು. ಈ ರಸ್ತೆಗೂ ವಿಡಿಯೋ ಗೇಮ್‌ಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧವಿದೆ; ಆದರೆ ಅದಕ್ಕೆ ಮುನ್ನ ಸ್ವಲ್ಪ ದೂರ ಸುತ್ತಿ ಬರಬೇಕಾಗುತ್ತದೆ.

ವಿಡಿಯೋ ಗೇಮ್ ಎಂದರೆ ಗಂಡು ಹುಡುಗರ ಆಟ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಗೇಮ್ ತಯಾರಕರೂ ಅದನ್ನು ನಂಬಿಯೇ ವ್ಯಾಪಾರಕ್ಕಿಳಿದಿದ್ದರು. ಆರಂಭದ ದಿನಗಳಲ್ಲಿ ಹೆಣ್ಣು ಪಾತ್ರಕ್ಕೆ ಇದ್ದ ಕೆಲಸ ಒಂದೇ: ಅಪಹರಣಕ್ಕೊಳಗಾಗಿ ನಾಯಕ ಬಂದು ಬಿಡಿಸುವ ತನಕ ಕಾಯುವುದು. 1986ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಮೆಟ್ರಾಯ್ಡ್’ ಈ ರೂಢಿಯನ್ನು ಮುರಿಯಿತು. ಆಟದುದ್ದಕ್ಕೂ ಲೋಹದ ಕವಚದೊಳಗೆ ಅಡಗಿದ್ದ ಯೋಧ ಸಾಮಸ್ ಅರಾನ್ ಒಬ್ಬ ಹೆಣ್ಣು ಎಂಬುದು ಆಟವನ್ನು ಬೇಗನೆ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ತಿಳಿಯುತ್ತಿತ್ತು. ಆದರೆ ಇನ್ನೂ ಬೇಗ ಮುಗಿಸಿದವರಿಗೆ ಆಕೆಯ ಉಡುಪು ಇನ್ನಷ್ಟು ಕಡಿಮೆಯಾಗಿ ಕಾಣುತ್ತಿತ್ತು! ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಯಿತು.

ಇದೇ ಇಬ್ಬಗೆ 1996ರಲ್ಲಿ ಬಂದ ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್‌ಳಲ್ಲಿಯೂ ಕಾಣುತ್ತದೆ. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಈ ಪಾತ್ರ ಪ್ರಾಚೀನ ಅವಶೇಷಗಳ ನಡುವೆ ಒಬ್ಬಳೇ ಅಲೆಯುತ್ತದೆ, ಒಗಟು ಬಿಡಿಸುತ್ತದೆ, ಯಾರ ನೆರವನ್ನೂ ಕೇಳುವುದಿಲ್ಲ. ಆದರೆ ಜಾಹೀರಾತುಗಳು ಮಾರಿದ್ದು ಆಕೆಯ ಬುದ್ಧಿಯನ್ನಲ್ಲ, ದೇಹವನ್ನು. 1998ರ ಮೂರನೇ ಭಾಗ ಆರಂಭವಾಗುವುದೇ ಭಾರತದ ಕಾಡಿನಲ್ಲಿ. ಅಲ್ಲಿನ ಪಾಳುಗುಡಿಯಲ್ಲಿ ಹಲವು ಕೈಗಳ ಶಿವನ ವಿಗ್ರಹಗಳು ಜೀವ ತಳೆದು ಖಡ್ಗ ಝಳಪಿಸುತ್ತ ಮೇಲೇರಿ ಬರುತ್ತವೆ. ಪಾಶ್ಚಾತ್ಯರ ಕಣ್ಣಿಗೆ ನಮ್ಮ ದೇವಾಲಯವೆಂದರೆ ಅಷ್ಟೇ ಆಗಿತ್ತು. 2013ರಲ್ಲಿ ಕ್ರಿಸ್ಟಲ್ ಡೈನಮಿಕ್ಸ್ ಸಂಸ್ಥೆ ಕಥೆಯನ್ನು ಮೊದಲಿನಿಂದ ಹೇಳಿದಾಗ, ಲೇಖಕಿ ರಿಯಾನಾ ಪ್ರಾಚೆಟ್‌ರ ಬರವಣಿಗೆಯಲ್ಲಿ, ಲಾರಾ ಹೆದರುವ, ಗಾಯಗೊಳ್ಳುವ, ಮತ್ತೆ ಎದ್ದು ನಿಲ್ಲುವ ಯುವತಿಯಾದಳು.

ಹೆಣ್ಣು ಪಾತ್ರ ಸೃಷ್ಟಿಸುವುದು ತಾಂತ್ರಿಕವಾಗಿ ಕಷ್ಟವೇ? ಈ ಪ್ರಶ್ನೆ 2014ರಲ್ಲಿ ದೊಡ್ಡ ವಿವಾದವಾಯಿತು. ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ಯಲ್ಲಿ ಹಲವರು ಕೂಡಿ ಆಡುವ ಭಾಗಕ್ಕೆ ಹೆಣ್ಣು ಪಾತ್ರ ಸೇರಿಸಿದರೆ ಚಲನೆಗಳನ್ನೂ ಉಡುಪುಗಳನ್ನೂ ಹೊಸದಾಗಿ ಸಿದ್ಧಪಡಿಸಬೇಕು, ಕೆಲಸ ದುಪ್ಪಟ್ಟಾಗುತ್ತದೆ ಎಂದು ಯೂಬಿಸಾಫ್ಟ್ ಸಂಸ್ಥೆಯವರು ಹೇಳಿದರು. ಗೇಮ್ ಪಾತ್ರದ ಒಳಗೆ ಸೂತ್ರದ ಗೊಂಬೆಯಂತೆ ಒಂದು ಅಸ್ಥಿಪಂಜರವಿರುತ್ತದೆ. ಓಟ, ಜಿಗಿತ, ಹೊಡೆತ ಎಲ್ಲವೂ ಅದಕ್ಕೆ ಜೋಡಿಸಿದ ಚಲನೆಗಳು. ಒಬ್ಬರಿಗೆ ಮಾಡಿದ್ದನ್ನು ತಿದ್ದಿ ಇನ್ನೊಬ್ಬರಿಗೆ ಹೊಂದಿಸಲು ಸಾಧ್ಯವಿದೆ. ಅದೇ ಸಂಸ್ಥೆಯಲ್ಲಿ ಹಿಂದೆ ದುಡಿದಿದ್ದ ಅನಿಮೇಟರ್ ಒಬ್ಬರು ಇದು ಒಂದೆರಡು ದಿನದ ಕೆಲಸವೆಂದು ಬಹಿರಂಗವಾಗಿಯೇ ಹೇಳಿಬಿಟ್ಟರು. ಮರುವರ್ಷವೇ, 2015ರಲ್ಲಿ, ಅದೇ ಸರಣಿಯ ‘ಸಿಂಡಿಕೇಟ್’ನಲ್ಲಿ ಈವಿ ಫ್ರೈ ನಾಯಕಿಯಾಗಿ ಬಂದಳು. ಅಡ್ಡಿಯಿದ್ದದ್ದು ಕಂಪ್ಯೂಟರಿನಲ್ಲಲ್ಲ ಎಂಬುದು ಸ್ಪಷ್ಟ.

ಹಳೇಬೀಡಿನ ನೆರಳಲ್ಲಿ ಕ್ಲೋಯಿ

ಕನ್ನಡಿಗರಿಗೆ ಅತ್ಯಂತ ಹತ್ತಿರದ ನಾಯಕಿಯೆಂದರೆ ಕ್ಲೋಯಿ ಫ್ರೇಜರ್. 2017ರ ಆಗಸ್ಟ್‌ನಲ್ಲಿ ಅಮೆರಿಕದ ನಾಟಿ ಡಾಗ್ ಸಂಸ್ಥೆ ಪ್ಲೇಸ್ಟೇಷನ್‌ಗಾಗಿ ಬಿಡುಗಡೆ ಮಾಡಿದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹುಡುಕಾಟ ಹೊಯ್ಸಳ ಸಾಮ್ರಾಜ್ಯದ ಗಣೇಶನ ದಂತಕ್ಕಾಗಿ. ಕ್ಲೋಯಿಯ ತಂದೆ ಭಾರತೀಯ. ಅದೇ ದಂತದ ಬೆನ್ನು ಹತ್ತಿ ಆತ ಪ್ರಾಣ ಕಳೆದುಕೊಂಡಿರುತ್ತಾನೆ. ಅವಳಿಗೆ ಜೊತೆಯಾಗುವವಳು ದಕ್ಷಿಣ ಆಫ್ರಿಕಾದ ಬಾಡಿಗೆ ಸೇನಾನಿ ನಾದೀನ್ ರಾಸ್. ಇಬ್ಬರಿಗೂ ಪರಸ್ಪರ ನಂಬಿಕೆಯಿಲ್ಲ. ಜಗಳವಾಡುತ್ತಲೇ ಜೀಪು ಓಡಿಸುತ್ತಾರೆ, ಬಂಡೆ ಹತ್ತುತ್ತಾರೆ. ಇಬ್ಬರು ಹೆಂಗಸರು ಕಥೆಯುದ್ದಕ್ಕೂ ಮಾತನಾಡುವುದು ಕೆಲಸ, ನಂಬಿಕೆ, ತಂದೆಯ ನೆನಪು ಇವುಗಳ ಬಗ್ಗೆ. ಈ ಲೇಖಕನಿಗೆ ಆಟದ ಗುಂಡಿನ ಕಾಳಗಕ್ಕಿಂತ ಆ ಮಾತುಕತೆಯೇ ಹೆಚ್ಚು ಹಿಡಿಸಿತು.

ಬೇಲೂರು, ಹಳೇಬೀಡುಗಳ ಹೆಸರು ಅಂತಾರಾಷ್ಟ್ರೀಯ ಗೇಮ್ ಒಂದರಲ್ಲಿ ಕೇಳಿಬಂದದ್ದು ಸಂತಸದ ಸಂಗತಿ. ಪರಶುರಾಮನ ಕೊಡಲಿಯೇಟಿನಿಂದ ಗಣೇಶನ ದಂತ ಮುರಿದ ಪುರಾಣಕಥೆಯನ್ನೂ ಅಚ್ಚುಕಟ್ಟಾಗಿ ಬಳಸಿಕೊಳ್ಳಲಾಗಿದೆ. ಆದರೆ ಪರದೆಯಲ್ಲಿ ಕಾಣುವ ಗುಡ್ಡದೆತ್ತರದ ವಿಗ್ರಹಗಳಿಗೂ ಹೊಯ್ಸಳ ಶಿಲ್ಪಕ್ಕೂ ಸಂಬಂಧ ಕಡಿಮೆ. ಹೊಯ್ಸಳರ ಹಿರಿಮೆ ಗಾತ್ರದಲ್ಲಿಲ್ಲ. ಬಳಪದ ಕಲ್ಲಿನ ಮೇಲಿನ ಸೂಕ್ಷ್ಮ ಕೆತ್ತನೆಯಲ್ಲಿ, ನಕ್ಷತ್ರಾಕಾರದ ತಳವಿನ್ಯಾಸದಲ್ಲಿ ಇದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ದಿಟ್ಟ ನಾಯಕಿಯ ಕಥೆಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿತ್ತೇ? ಹಾಗೆಂದು ಘಟ್ಟದ ಹಿನ್ನೆಲೆ ಪೂರ್ತಿ ನಿರಾಧಾರವೆನ್ನುವಂತಿಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ ಗ್ರಾಮ, ಮೂಡಿಗೆರೆಯ ಮಲೆನಾಡಿನಲ್ಲಿಯೇ ಇದೆ.

ಭಾರತೀಯರೇ ರೂಪಿಸಿದ ನಾಯಕಿಯರೂ ಬಂದಿದ್ದಾರೆ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯ ‘ರಾಜಿ’ (2020) ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ, ದುರ್ಗೆಯ ಅನುಗ್ರಹ ಪಡೆದ ಹುಡುಗಿಯ ಕಥೆ. ನಡುನಡುವೆ ಕಥೆ ಹೇಳುವುದು ನೆರಳುಗೊಂಬೆಗಳು. ತೊಗಲುಗೊಂಬೆಯಾಟ ಕಂಡವರಿಗೆ ಅದು ಪರಿಚಿತವೆನಿಸೀತು. ಕೆನಡಾದಲ್ಲಿ ತಯಾರಾದ ‘ವೆಣ್ಬಾ’ (2023) ಇನ್ನೂ ಭಿನ್ನ. ಅದರ ನಾಯಕಿ ಖಡ್ಗ ಹಿಡಿಯುವುದಿಲ್ಲ, ಇಡ್ಲಿ ಪಾತ್ರೆ ಹಿಡಿಯುತ್ತಾಳೆ. ವಲಸೆ ಹೋದ ತಮಿಳು ತಾಯಿ, ತನ್ನ ಭಾಷೆಯಿಂದ ದೂರ ಸರಿಯುತ್ತಿರುವ ಮಗ, ಅಲ್ಲಲ್ಲಿ ಹರಿದುಹೋದ ಅಡುಗೆ ಪುಸ್ತಕ: ಇಷ್ಟೇ ಬಂಡವಾಳ. 2024ರಲ್ಲಿ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿ ಅದಕ್ಕೆ ದೊರೆಯಿತು.

ಮತ್ತೆ ಅಥಣಿ ರಸ್ತೆಗೆ

ತೊರವಿಯಲ್ಲಿ ನಗರ ಕಟ್ಟಲು ಹೊರಟ ಇಬ್ರಾಹಿಂ 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತರ ಬಾಲಕ. ಅಂದು ಅವನ ಹೆಸರಿನಲ್ಲಿ ರಾಜ್ಯದ ಹೊಣೆ ಹೊತ್ತವಳು ಕೊಲೆಯಾದ ಅಲಿ ಆದಿಲ್ ಶಾಹನ ವಿಧವೆ, ಅಹಮದ್‌ನಗರದ ಮಗಳು ಚಾಂದ್ ಬೀಬಿ. 1579ರಲ್ಲಿ ಕಟ್ಟಿಸಿದ ನಗರದ ಚಾಂದ್ ಬಾವಡಿ ಅವಳ ಹೆಸರಿನದೇ. ಸರದಾರರ ಒಳಜಗಳದಲ್ಲಿ ಕಿಶ್ವರ್ ಖಾನನೆಂಬಾತ ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಆತನ ಪತನದ ನಂತರ ಅವಳು ಮರಳಿ ಬಂದಳು. ಮುಂದೆ ತವರಿಗೆ ಹೋದವಳು 1595ರಲ್ಲಿ ಮೊಗಲ್ ರಾಜಕುಮಾರ ಮುರಾದನ ಸೇನೆ ಅಹಮದ್‌ನಗರ ಕೋಟೆಗೆ ಮುತ್ತಿಗೆ ಹಾಕಿದಾಗ ರಕ್ಷಣೆಯ ನೇತೃತ್ವ ವಹಿಸಿದಳು. ಸುರಂಗದ ಸಿಡಿಮದ್ದಿಗೆ ಗೋಡೆ ಬಿರುಕುಬಿಟ್ಟಾಗ ಮುಸುಕು ಧರಿಸಿ, ಖಡ್ಗ ಹಿಡಿದು ಅಲ್ಲಿಯೇ ನಿಂತಳು. ರಾತ್ರಿ ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಎದ್ದಿತ್ತು. ಗುಂಡು ಮುಗಿದಾಗ ಬೆಳ್ಳಿ ಬಂಗಾರದ ನಾಣ್ಯಗಳನ್ನೇ ಹಾರಿಸಿದಳೆಂಬುದು ಜನರ ಬಾಯಲ್ಲಿ ಉಳಿದ ಕಥೆ. ಮೊಗಲರು ಬೇರಾರ್ ಪ್ರಾಂತ್ಯ ಪಡೆದು ಸಂಧಿಗೆ ಒಪ್ಪಿದರು.

ಗೇಮ್ ರಚನಕಾರನೊಬ್ಬನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಕೋಟೆ, ಸೆರೆ, ಮುತ್ತಿಗೆ, ಒಂದೇ ರಾತ್ರಿಯ ಗಡುವು, ಗಿಡುಗ ಹಿಡಿದು ಕುದುರೆಯೇರಿದ ರಾಣಿಯನ್ನು ತೋರುವ ದಖನಿ ಚಿತ್ರಗಳು. ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ, ಉಳ್ಳಾಲದ ಅಬ್ಬಕ್ಕ ಇವರ ಕಥೆಗಳೂ ಹೀಗೆಯೇ ಸಿದ್ಧವಾಗಿ ಕುಳಿತಿವೆ. ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ 2012ರಷ್ಟು ಹಿಂದೆಯೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ನಮ್ಮದು. ಬೆಂಗಳೂರಿನ ಸ್ಟುಡಿಯೋಗಳು ಹೊರದೇಶದ ಗೇಮ್‌ಗಳಿಗೆ ಚಿತ್ರ, ಚಲನೆಗಳನ್ನು ಸಿದ್ಧಪಡಿಸಿ ಕೊಟ್ಟಿವೆ. ಕೈಚಳಕ ನಮ್ಮದು, ಕಥೆ ಅವರದು.

ಚಾಂದ್ ಬೀಬಿಯ ಕಥೆಯಲ್ಲಿ ಒಂದು ತೊಡಕಿದೆಯೆಂಬುದೂ ನಿಜ. ಕೊನೆಯ ಹಂತದಲ್ಲಿ ಎದುರಾಳಿಯನ್ನು ಸೋಲಿಸಿ ಗೆಲ್ಲುವುದು ಗೇಮ್‌ಗಳ ರೂಢಿ. ಮೊಗಲರು ಮತ್ತೆ ಬಂದಾಗ ಆಕೆ ಸಂಧಿಯ ಮಾತೆತ್ತಿದಳು. ಶತ್ರುವಿನೊಂದಿಗೆ ಕೈಜೋಡಿಸಿದಳೆಂದು ಕೂಗೆಬ್ಬಿಸಿ ಕೋಟೆಯೊಳಗಿನ ಅವಳ ಸೈನಿಕರೇ ಅವಳನ್ನು ಕೊಂದರು. 1600ರಲ್ಲಿ ಕೋಟೆ ಮೊಗಲರ ವಶವಾಯಿತು. ಆ ಹೊತ್ತಿಗೆ ಇತ್ತ ತೊರವಿಯಲ್ಲಿ, ಅವಳು ಸಾಕಿದ ಹುಡುಗನ ಹೊಸ ನಗರದ ಕೆಲಸ ನಡೆದಿತ್ತು.