ಕಡ್ಡಿಯೊಡನೆ ಬರುವ ಕಾಣದ ಅತಿಥಿ

ಪಂಚಾಂಗದಿಂದಾಗಿ ನಾಡಿಗೆಲ್ಲ ಪರಿಚಿತವಾದ ಹೆಸರು ಮೈಸೂರಿನ ಒಂಟಿಕೊಪ್ಪಲಿನದು. ಅಲ್ಲಿನ ಹಳೆಯ ಮನೆಗಳ ಜಗಲಿಯ ಅಂಚಿನಲ್ಲಿ ಹೂಕುಂಡಗಳ ಸಾಲು ಇಂದಿಗೂ ಕಾಣಸಿಗುತ್ತದೆ. ತುಳಸಿ, ದೊಡ್ಡಪತ್ರೆ, ಕನಕಾಂಬರಗಳ ನಡುವೆ, ಹೂವಿಗಾಗಿ ಅಲ್ಲದೆ ಎಲೆಯ ಬಣ್ಣಕ್ಕಾಗಿಯೇ ಬೆಳೆಸುವ ಕೋಲಿಯಸ್ ಗಿಡವೂ ಒಂದು. ಕೆಂಪು, ಹಸುರು, ಹಳದಿಗಳನ್ನು ಒಂದೇ ಎಲೆಯಲ್ಲಿ ಬಳಿದಂತಿರುವ ಈ ಗಿಡವನ್ನು ಅಂಗಡಿಯಿಂದ ಕೊಂಡು ತಂದವರು ಕಡಮೆ. “ನಿಮ್ಮ ಗಿಡ ಬಹಳ ಚೆನ್ನಾಗಿದೆ, ಒಂದು ಕಡ್ಡಿ ಕೊಡ್ತೀರಾ?” ಎಂದು ಕೇಳಿದರೆ ಇಲ್ಲವೆನ್ನುವ ಗೃಹಿಣಿಯುಂಟೇ? ಹೀಗೆ ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ ಕೋಲಿಯಸ್ ಹಬ್ಬುತ್ತದೆ.

ಆ ಕಡ್ಡಿಯೊಡನೆ ಇನ್ನೊಂದು ವಸ್ತುವೂ ಹಬ್ಬಬಲ್ಲದು. ಭಾರತದ ಕೋಲಿಯಸ್ ಗಿಡಗಳಲ್ಲಿ ‘ವೈರಾಯ್ಡ್’ ಎಂಬ ರೋಗಕಾರಕ ಇದೆಯೆಂಬ ಮೊದಲ ವರದಿ 2013ರಲ್ಲಿ ‘ಪ್ಲಾಂಟ್ ಡಿಸೀಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಬರೆದವರಲ್ಲಿ ಒಂಟಿಕೊಪ್ಪಲಿನ ಸಮೀಪದ ಮಾನಸಗಂಗೋತ್ರಿಯ, ಎಂದರೆ ಮೈಸೂರು ವಿಶ್ವವಿದ್ಯಾನಿಲಯದ, ಸಂಶೋಧಕರೂ ಇದ್ದರು. ಜಪಾನಿನ ಹಿರೊಸಾಕಿ ವಿಶ್ವವಿದ್ಯಾನಿಲಯದ ಟೆರುವೊ ಸಾನೋ ಅವರೂ ಇದ್ದರು. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಚರಿತ್ ರಾಜ್ ಅಡ್ಕರ್ ಪುರುಷೋತ್ತಮ ಅವರದು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇನ್ನೊಮ್ಮೆ ಬರುತ್ತದೆ. ಅದೇ ವರ್ಷ ದ್ರಾಕ್ಷಿಬಳ್ಳಿಗಳಲ್ಲಿಯೂ ಎರಡು ಬಗೆಯ ವೈರಾಯ್ಡುಗಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದುವು.

ವೈರಾಯ್ಡ್ ಎಂದರೇನು? ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಕಣ್ಣಿಗೆ ಕಾಣದ ಶತ್ರುವಿನ ಕುಲಗೋತ್ರವನ್ನು ಹುಡುಕುವುದು ಎಷ್ಟು ಕಷ್ಟವೆಂಬುದು ಮೈಸೂರು ಸೀಮೆಗೆ ಹೊಸ ಪಾಠವೇನಲ್ಲ. ಶ್ರೀಗಂಧದ ಮರದ ಎಲೆಗಳನ್ನು ಕುಗ್ಗಿಸಿ, ಕೊಂಬೆಗಳನ್ನು ತೆನೆಯಂತೆ ಸೆಟೆದು ನಿಲ್ಲಿಸುವ ಸ್ಪೈಕ್ ರೋಗ ಕೊಡಗಿನಲ್ಲಿ 1899ರಲ್ಲಿ ಗಮನಕ್ಕೆ ಬಂತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಮೊದಲಾದವರು ಅದರ ಬೆನ್ನು ಹತ್ತಿದರು. ಬಹುಕಾಲ ಅದನ್ನು ವೈರಸ್ ಎಂದೇ ಭಾವಿಸಲಾಗಿತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದು ಕೋಶಭಿತ್ತಿಯೇ ಇಲ್ಲದ, ಬ್ಯಾಕ್ಟೀರಿಯಕ್ಕೆ ದಾಯಾದಿಯಾದ ಜೀವಿಯೆಂದು ತಿಳಿಯಿತು.

ಶ್ರೀಗಂಧದ ವಿಷಯದಲ್ಲಿ ವೈರಸ್ ಎಂದುಕೊಂಡದ್ದು ಅದಕ್ಕಿಂತ ದೊಡ್ಡದಾಗಿತ್ತು. ಆಲೂಗಡ್ಡೆಯ ವಿಷಯದಲ್ಲಿ ಇದರ ವಿಪರೀತವಾಯಿತು. ಗೆಡ್ಡೆಯನ್ನು ಕದಿರಿನಂತೆ ಉದ್ದವಾಗಿಸಿ ಕೆಡಿಸುವ ಒಂದು ರೋಗವನ್ನು ಅಮೆರಿಕದ ರೈತರು 1920ರ ದಶಕದಿಂದಲೂ ಬಲ್ಲರು. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಸಂಶೋಧನ ಕೇಂದ್ರದ ಥಿಯೊಡೋರ್ ಡೀನರ್, ರೋಗದ ಗಿಡದ ರಸವನ್ನು ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ ನೋಡಿದರು. ವೈರಸ್ಸಾಗಿದ್ದರೆ ತಳಕ್ಕೆ ಇಳಿಯಬೇಕಾಗಿದ್ದ ವಸ್ತು ಮೇಲೆಯೇ ಉಳಿಯಿತು. ಡಿಎನ್‌ಎಯನ್ನು ಕರಗಿಸುವ ಕಿಣ್ವಕ್ಕೆ ಅದು ಜಗ್ಗಲಿಲ್ಲ. ಆರ್‌ಎನ್‌ಎಯನ್ನು ಕರಗಿಸುವ ಕಿಣ್ವ ಬಿದ್ದೊಡನೆ ರೋಗ ಹರಡುವ ಶಕ್ತಿಯನ್ನು ಕಳೆದುಕೊಂಡಿತು. ಹಾಗಾದರೆ ಅದು ಬರಿಯ ಆರ್‌ಎನ್‌ಎ. ವೈರಸ್ಸಿಗಿರುವ ಪ್ರೋಟೀನಿನ ಕವಚವೂ ಇಲ್ಲದ ಬೆತ್ತಲೆ ಅಣು. 1971ರಲ್ಲಿ ಡೀನರ್ ಇದಕ್ಕೆ ‘ವೈರಾಯ್ಡ್’ ಎಂದು ಹೆಸರಿಟ್ಟರು.

ಜರ್ಮನಿಯಲ್ಲಿ ಸೆಂಗರ್ ಮತ್ತು ಅವರ ಸಂಗಡಿಗರು ಈ ಅಣು ತುದಿಮೊದಲಿಲ್ಲದ ಉಂಗುರವೆಂಬುದನ್ನು 1976ರಲ್ಲಿ ತೋರಿಸಿದರು. 1978ರಲ್ಲಿ ಅದರ ಪೂರ್ಣ ಅಕ್ಷರಮಾಲೆಯನ್ನೂ ಓದಿದ್ದಾಯಿತು. ಅದರಲ್ಲಿರುವ ಘಟಕಗಳು 359 ಮಾತ್ರ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸಿನಲ್ಲಿ ಇಂಥ ಘಟಕಗಳು ಸುಮಾರು 6,400. ಒಂದೊಂದು ಘಟಕಕ್ಕೆ ಒಂದೊಂದು ಅಕ್ಷರದಂತೆ ಅಚ್ಚು ಹಾಕಿದರೆ, ಆಲೂಗಡ್ಡೆಯ ವೈರಾಯ್ಡಿನ ಸರ್ವಸ್ವವೂ ವಾರಪತ್ರಿಕೆಯ ಅಂಕಣದ ಹತ್ತು ಹದಿನೈದು ಸಾಲುಗಳಲ್ಲಿ ಮುಗಿದುಹೋಗುತ್ತದೆ. 1989ರಲ್ಲಿ ಬ್ರೆಜಿಲ್ ದೇಶದಲ್ಲಿ ಮೊದಲು ಕಂಡುಬಂದ ಕೋಲಿಯಸ್ಸಿನ ವೈರಾಯ್ಡ್ ಇನ್ನೂ ಚಿಕ್ಕದು, ಅದರಲ್ಲಿ 248.

ಅಕ್ಷರಗಳು ಕಡಮೆಯೆಂಬುದಕ್ಕಿಂತ ಹೆಚ್ಚು ವಿಚಿತ್ರವಾದುದು ಇನ್ನೊಂದಿದೆ. ಈ ಅಕ್ಷರಗಳಲ್ಲಿ ಒಂದೇ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆಯೂ ಇಲ್ಲ. ವಿಷವನ್ನು ಉತ್ಪಾದಿಸಲು ಅದಕ್ಕೆ ಬಾರದು, ಕೋಶಭಿತ್ತಿಯನ್ನು ಕೊರೆಯಲು ಬಾರದು, ತನ್ನನ್ನು ತಾನು ನಕಲು ಮಾಡಿಕೊಳ್ಳುವ ಉಪಕರಣವೂ ಅದರಲ್ಲಿಲ್ಲ. ಕೈಯಲ್ಲಿ ಕಾಸಿಲ್ಲದೆ, ಬಾಯಲ್ಲಿ ಮಾತಿಲ್ಲದೆ ಬಂದ ಅತಿಥಿಯೊಬ್ಬ ಮನೆಯನ್ನೇ ಹಾಳುಮಾಡುವುದು ಹೇಗೆ?

ಗಾಯವಾದ ಕಡೆಯಿಂದ ಜೀವಕೋಶವನ್ನು ಹೊಕ್ಕ ಅಣು ನೇರವಾಗಿ ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಗಿಡದ ಡಿಎನ್‌ಎಯನ್ನು ಓದಿ ಸಂದೇಶ ಬರೆಯುವ ಕಿಣ್ವವೊಂದುಂಟು. ಆರ್‌ಎನ್‌ಎಯನ್ನು ಓದುವುದು ಅದರ ಕೆಲಸವಲ್ಲ. ಆದರೂ ವೈರಾಯ್ಡಿನ ರೂಪಕ್ಕೆ ಮೋಸಹೋಗಿ ಅದು ಉಂಗುರವನ್ನು ಸುತ್ತುತ್ತಾ ಪ್ರತಿ ಬರೆಯತೊಡಗುತ್ತದೆ. ಉಂಗುರಕ್ಕೆ ಕೊನೆಯಿಲ್ಲವಾದ್ದರಿಂದ ಬರಹಕ್ಕೂ ಕೊನೆಯಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಾಡಗಿತ್ತಿ ಕಟ್ಟುತ್ತಲೇ ಹೋಗುವ ಮಲ್ಲಿಗೆಯ ಮಾಲೆಯಂತೆ ಉದ್ದನೆಯ ಎಳೆ ಹೊರಬರುತ್ತದೆ. ಅದನ್ನು ಮೊಳಮೊಳವಾಗಿ ಕತ್ತರಿಸುವುದೂ ಗಿಡದ್ದೇ ಕಿಣ್ವ. ತುದಿಗಳನ್ನು ಕೂಡಿಸಿ ಮತ್ತೆ ಉಂಗುರ ಮಾಡಿಕೊಡುವುದೂ ಗಿಡದ್ದೇ ಕಿಣ್ವ. (ಪೀಚ್ ಮರದ ವೈರಾಯ್ಡಿನಂಥ ಕೆಲವು ಮಾತ್ರ ಹರಿತ್ತಿನ ಕಣದಲ್ಲಿ ವೃದ್ಧಿಯಾಗಿ, ತಮ್ಮನ್ನು ತಾವೇ ಕತ್ತರಿಸಿಕೊಳ್ಳುತ್ತವೆ.) ಹೊಸ ಉಂಗುರಗಳು ಕೋಶದಿಂದ ಕೋಶಕ್ಕೆ ಇರುವ ಸಣ್ಣ ಕಂಡಿಗಳಲ್ಲಿ ನುಸುಳಿ, ಆಹಾರರಸದ ಪ್ರವಾಹದೊಡನೆ ಚಿಗುರನ್ನು ಸೇರುತ್ತವೆ.

ಇಷ್ಟರಿಂದಲೇ ಗಿಡ ರೋಗಪೀಡಿತವಾಗಬೇಕೆಂದಿಲ್ಲ. ರೋಗ ಹುಟ್ಟುವ ಪರಿ ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯದಂತಿದೆ. ವೈರಾಯ್ಡಿನ ಉಂಗುರ ಅದುಮಿದ ಬಳೆಯಂತೆ ಚಪ್ಪಟೆಯಾಗಿ ಮಡಚಿಕೊಂಡಿರುತ್ತದೆ. ಎದುರುಬದುರಿನ ಘಟಕಗಳು ಜೋಡಿಯಾಗಿ ಎರಡೆಳೆಯ ಕಡ್ಡಿಯಾಗುತ್ತವೆ. ಎರಡೆಳೆಯ ಆರ್‌ಎನ್‌ಎ ಕಂಡರೆ ಗಿಡಕ್ಕೆ ಸಂಶಯ, ಏಕೆಂದರೆ ವೈರಸ್ಸುಗಳ ಗುರುತೂ ಅದೇ. ಒಡನೆಯೇ ಗಿಡದ ಕಾವಲಿನ ಕತ್ತರಿಗಳು ಅದನ್ನು 21ರಿಂದ 24 ಘಟಕಗಳ ತುಣುಕುಗಳಾಗಿ ಕೊಚ್ಚಿಹಾಕುತ್ತವೆ. ಒಂದೊಂದು ತುಣುಕನ್ನೂ ಇನ್ನೊಂದು ಪ್ರೋಟೀನು ಅಪರಾಧಿಯ ಭಾವಚಿತ್ರದಂತೆ ಹಿಡಿದುಕೊಂಡು ಕೋಶದಲ್ಲೆಲ್ಲ ಸಂಚರಿಸುತ್ತದೆ. ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಕಂಡರೂ ಕಡಿದುಹಾಕುತ್ತದೆ. ವ್ಯವಸ್ಥೆಯೇನೋ ಸೊಗಸಾದುದೇ. ಬಿಗಿಯಾಗಿ ಮಡಚಿಕೊಂಡ ಕಳ್ಳ ಬಹುಮಟ್ಟಿಗೆ ಕೈಗೆ ಸಿಕ್ಕುವುದಿಲ್ಲ. ಆದರೆ ಆ ಭಾವಚಿತ್ರವು ಆಕಸ್ಮಿಕವಾಗಿ ಮನೆಯವರೊಬ್ಬರ ಮುಖವನ್ನೇ ಹೋಲುತ್ತಿದ್ದರೆ? ಆಗ ಗಿಡದ ಸ್ವಂತ ಸಂದೇಶವೇ ಕಡಿದುಹೋಗುತ್ತದೆ. ರಕ್ಷಣೆಗೆಂದು ಇಟ್ಟ ಕಾವಲು ಯಜಮಾನನ ಮೇಲೆಯೇ ತಿರುಗುತ್ತದೆ.

ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯದ ಮಿಂಗ್-ಬೋ ವಾಂಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾನಾಗಿ ವೃದ್ಧಿಯಾಗಲಾರದ ವೈರಾಯ್ಡ್ ಭಾಗವನ್ನು ಟೊಮೇಟೊ ಗಿಡವೇ ತಯಾರಿಸುವಂತೆ ಮಾಡಲಾಗಿತ್ತು. ಜೀವಂತ ವೈರಾಯ್ಡ್ ಇಲ್ಲದಿದ್ದರೂ ರೋಗಲಕ್ಷಣ ಕಾಣಿಸಿಕೊಂಡಿತು. ಪೀಚ್ ಮರದ ಎಲೆಗಳನ್ನು ಬಿಳಿಚಿಸುವ ಬಗೆಯ ವೈರಾಯ್ಡಿನಲ್ಲಿ ಹನ್ನೆರಡು ಹದಿಮೂರು ಘಟಕಗಳು ಹೆಚ್ಚಾಗಿ ಸೇರಿಕೊಂಡಿರುತ್ತವೆ. ಅಲ್ಲಿಂದ ಹುಟ್ಟಿದ ತುಣುಕು ಹರಿತ್ತಿನ ಕಣಕ್ಕೆ ಅವಶ್ಯವಾದ ಒಂದು ಪ್ರೋಟೀನಿನ ಸಂದೇಶವನ್ನೇ ಕಡಿಯುವುದೆಂದು 2012ರಲ್ಲಿ ಸಿದ್ಧವಾಯಿತು. 2015ರಲ್ಲಿ ಬಂದುದು ಟೊಮೇಟೊವಿನ ಸರದಿ. ಆಲೂಗಡ್ಡೆ ವೈರಾಯ್ಡಿನ ಉಗ್ರತೆಯನ್ನು ನಿರ್ಧರಿಸುವ ಭಾಗದಿಂದ ಬಂದ ತುಣುಕು, ಕೋಶಭಿತ್ತಿಯ ಕಂಡಿಗಳಿಗೆ ಮೆತ್ತೆಯಂತೆ ಒದಗುವ ‘ಕ್ಯಾಲೋಸ್’ ತಯಾರಿಕೆಯ ಜೀನುಗಳ ಬಾಯಿ ಮುಚ್ಚಿಸುತ್ತದೆಯೆಂದು ‘ಪ್ಲಾಂಟ್ ಸೆಲ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಅದರ ಮೊದಲ ಲೇಖಕರು ಅದೇ ಅಡ್ಕರ್ ಪುರುಷೋತ್ತಮ ಅವರು. ಆ ವೇಳೆಗೆ ಅವರ ಕಾರ್ಯಕ್ಷೇತ್ರ ಕೆನಡಾಕ್ಕೆ ಬದಲಾಗಿತ್ತು. ರೋಗದ ಲಕ್ಷಣಗಳೆಲ್ಲಕ್ಕೂ ಇದೊಂದೇ ಕಾರಣವೆನ್ನಲು ವಿಜ್ಞಾನಿಗಳು ಸಿದ್ಧರಿಲ್ಲ. ಅವರ ಎಚ್ಚರಿಕೆ ಉಚಿತವಾದುದೇ.

ಹೋಲಿಕೆ ಇಲ್ಲದ ಕಡೆ ಅದೇ ಅಣು ಸಾಧುವಿನಂತೆ ಇದ್ದುಬಿಡುತ್ತದೆ. ಬಹುಮಟ್ಟಿಗೆ ಕೋಲಿಯಸ್ ಗಿಡದಲ್ಲಿ ಆಗುವುದೂ ಹೀಗೆಯೇ: ಎಲೆಗಳ ಅಂದ ಅಷ್ಟೇ ಇರುತ್ತದೆ, ಒಳಗೆ ಲಕ್ಷಾಂತರ ಉಂಗುರಗಳು ತಿರುಗುತ್ತಿರುತ್ತವೆ. ಅಪಾಯ ಇರುವುದು ಇಂಥ ಸಾಧುತನದಲ್ಲಿಯೇ. 2006ರ ಸುಮಾರಿಗೆ ಹಾಲೆಂಡಿನಲ್ಲಿ ಅಲಂಕಾರದ ಗಿಡಗಳನ್ನು ಪರೀಕ್ಷಿಸಿದಾಗ, ದತ್ತೂರದ ಬಳಗದ ಬ್ರುಗ್ಮಾನ್ಸಿಯ ಮೊದಲಾದ ನಿರೋಗಿಯಂತೆ ತೋರುವ ಗಿಡಗಳಲ್ಲಿ ಆಲೂಗಡ್ಡೆಯ ವೈರಾಯ್ಡ್ ಅಡಗಿ ಕುಳಿತಿತ್ತು. ಅಲ್ಲಿಂದ ಟೊಮೇಟೊ ತೋಟಕ್ಕೆ ಅದು ದಾಟಬಲ್ಲದು. ಫಿಲಿಪ್ಪೀನ್ಸ್ ದ್ವೀಪಗಳಲ್ಲಂತೂ 246 ಘಟಕಗಳ ಇನ್ನೊಂದು ವೈರಾಯ್ಡ್ ‘ಕಡಂಗ್-ಕಡಂಗ್’ ಎಂಬ ರೋಗದಿಂದ ಮೂರು ಕೋಟಿಗೂ ಹೆಚ್ಚು ತೆಂಗಿನ ಮರಗಳನ್ನು ಬಲಿ ತೆಗೆದುಕೊಂಡಿದೆ. ತೆಂಗನ್ನು ಮನೆಮಗನಂತೆ ಕಾಣುವ ನಾಡಿನವರಿಗೆ ಇದು ನಡುಕ ಹುಟ್ಟಿಸುವ ಸಂಖ್ಯೆ. ವಿದೇಶದ ಸಸಿ, ಬೀಜಗಳನ್ನು ಪರೀಕ್ಷೆಯಿಲ್ಲದೆ ಚೀಲದಲ್ಲಿ ತರಕೂಡದೆಂಬ ಭಾರತದ ನಿಯಮ ಕೇವಲ ಕಚೇರಿಯ ಕಿರಿಕಿರಿಯಲ್ಲ.

ಮನುಷ್ಯರಿಗೆ, ಪ್ರಾಣಿಗಳಿಗೆ ವೈರಾಯ್ಡಿನಿಂದ ರೋಗ ಬರುವುದಿಲ್ಲ. ಗಿಡವನ್ನು ಮುಟ್ಟುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಸೋಂಕಿದ ಗಿಡವನ್ನು ಗುಣಪಡಿಸುವ ಔಷಧಿಯೂ ಇಲ್ಲ. ಕೋಲಿಯಸ್ಸಿನ ವೈರಾಯ್ಡ್ ಬೀಜದ ಮೂಲಕವೂ ಸಾಗುತ್ತದೆ. ಉಳಿದಂತೆ ವೈರಾಯ್ಡುಗಳ ಮುಖ್ಯ ವಾಹನ ತೋಟಗಾರನ ಚಾಕುವೇ. ನಿಂಬೆ, ಕಿತ್ತಳೆಗಳ ತೊಗಟೆ ಸುಲಿಯುವ ‘ಎಕ್ಸೊಕಾರ್ಟಿಸ್’ ರೋಗ ಹರಡಿದ್ದು ಬಹುಪಾಲು ಕಸಿಯ ಕಡ್ಡಿಯಿಂದ ಮತ್ತು ಕಸಿ ಮಾಡುವವನ ಅಲಗಿನಿಂದ. ಅಲಗನ್ನು ಬೆಂಕಿಯಲ್ಲಿ ಒಂದಿಷ್ಟು ಆಡಿಸಿ ತೆಗೆದರೆ ಸಾಲದು, ಈ ಅಣು ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಟ್ಟೆಗೆ ಹಾಕುವ ಬ್ಲೀಚಿಂಗ್ ದ್ರಾವಣದಲ್ಲಿ ಚಾಕುವನ್ನು ಅದ್ದಿ, ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಮುಂದಿನ ಗಿಡದ ಕಡ್ಡಿಯನ್ನು ಕತ್ತರಿಸಬೇಕು.