*ಕಾಲು ಉಳುಕಿದಾಗ: ತಿಕ್ಕುವ ಮೊದಲು ಪರೀಕ್ಷಿಸಿ*



ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ನೀರು ನಿಂತ ರಸ್ತೆಯಲ್ಲಿ ಗುಂಡಿ ಕಾಣುವುದಿಲ್ಲ, ಪಾದ ಹೊರಳಿ ಕಾಲು ಉಳುಕುತ್ತದೆ. ಆಗ ಮನೆಯಲ್ಲಿ ಒಬ್ಬರು "ಎಣ್ಣೆ ಹಾಕಿ ತಿಕ್ಕಿ" ಅನ್ನುತ್ತಾರೆ, ಪಕ್ಕದ ಮನೆಯವರು "ಪುತ್ತೂರು ಕಟ್ಟು ಹಾಕಿಸಿ" ಅನ್ನುತ್ತಾರೆ. (ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು.) ಎರಡಕ್ಕೂ ಮೊದಲು ಇದು ಬರೀ ಉಳುಕೋ, ಮೂಳೆ ಮುರಿತವೋ ಎಂದು ತಿಳಿಯಬೇಕು. ಮುರಿದ ಮೂಳೆಯನ್ನು ತಿಕ್ಕಿದರೆ, ಎಳೆದರೆ ಅದು ಜಾಗ ತಪ್ಪಬಹುದು.

*ಉಳುಕು ಎಂದರೇನು?*
ಮೂಳೆಗಳನ್ನು ಜೋಡಿಸಿ ಹಿಡಿಯುವ ಗಟ್ಟಿ ಪಟ್ಟಿಗೆ ಲಿಗಮೆಂಟ್ ಎನ್ನುತ್ತಾರೆ. ಪಾದ ಒಳಕ್ಕೆ ಹೊರಳಿದಾಗ ಹೊರಬದಿಯ ಲಿಗಮೆಂಟ್ ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಊತ, ನೋವು, ನೀಲಿಗಟ್ಟುವುದು ಅದರಿಂದಲೇ.

*ನರ್ಸ್‌ಗಳು ನೋಡುವ ಕ್ರಮ*
1. ಕೇಳುವುದು: ಹೇಗೆ ಹೊರಳಿತು? "ಟಪ್" ಎಂದು ಸದ್ದಾಯಿತೇ? ಬಿದ್ದ ಮೇಲೆ ನಡೆದಿರಾ? ಸಕ್ಕರೆ ಕಾಯಿಲೆ ಇದೆಯೇ?
2. ನೋಡುವುದು: ಎರಡೂ ಕಾಲು ಅಕ್ಕಪಕ್ಕ ಇಟ್ಟು ಊತ, ಬಣ್ಣ, ಆಕಾರ ಹೋಲಿಸುವುದು.
3. ರಕ್ತ ಓಡಾಟ: ಬೆರಳಿನ ಉಗುರು ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ಆಡಬೇಕು, ಮುಟ್ಟಿದ್ದು ತಿಳಿಯಬೇಕು.
4. ಮುಟ್ಟುವುದು: ನೋವಿಲ್ಲದ ಕಡೆಯಿಂದ ಶುರು ಮಾಡಿ, ನೋವಿನ ಜಾಗ ಕೊನೆಗೆ.

*ಎಕ್ಸ್‌ರೇ ಯಾವಾಗ?*
ಕೆನಡಾದ ಒಟ್ಟಾವಾದಲ್ಲಿ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಪಾದದ ಗಂಟಿನ ಸುತ್ತ ನೋವಿದ್ದು, ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು:
✅ ಒಳ ಅಥವಾ ಹೊರ ಗಿಣ್ಣಿನ ತುದಿ, ಇಲ್ಲವೇ ಅದರ ಹಿಂಬದಿ ಅಂಚಿನ 6 ಸೆಂ.ಮೀ. ಒಳಗೆ ಮೂಳೆ ಒತ್ತಿದರೆ ನೋವು
✅ ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಬಾರಿ 4 ಹೆಜ್ಜೆ ಇಡಲಾಗದಿದ್ದರೆ (ಕುಂಟಿದರೂ ನಡೆದಂತೆಯೇ)
ಪಾದದ ನಡುಭಾಗದಲ್ಲಿ ಮೂಳೆ ನೋಯುತ್ತಿದ್ದರೂ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ನೋವು ತಿಳಿಯದಿರಬಹುದು. ಅವರು, ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು ಈ ನಿಯಮವನ್ನೇ ನಂಬಿ ಮನೆಯಲ್ಲಿ ಉಳಿಯಬಾರದು.

*ತಡ ಮಾಡಬೇಡಿ*
ಪಾದ ಸೊಟ್ಟಗಾಗಿದ್ದರೆ, ತಣ್ಣಗಾಗಿ ಬಿಳಿಚಿಕೊಂಡರೆ, ಜೋಮು ಹಿಡಿದರೆ ಅಥವಾ ಮೂಳೆ ಹೊರಗೆ ಕಂಡರೆ ಕಾಲನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ.

*ಬರೀ ಉಳುಕಾದರೆ ಮನೆಯಲ್ಲಿ*
• ಮೊದಲ 2 ದಿನ ಬಟ್ಟೆಯಲ್ಲಿ ಸುತ್ತಿದ ಐಸ್, 15-20 ನಿಮಿಷ, 2-3 ಗಂಟೆಗೊಮ್ಮೆ. ಬರೀ ಚರ್ಮದ ಮೇಲೆ ಬೇಡ.
• ಆ 2 ದಿನ ಬಿಸಿನೀರು, ತಿಕ್ಕುವುದು ಬೇಡ. ಊತ ಹೆಚ್ಚುತ್ತದೆ.
• ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳ ತುದಿ ಕಾಣಬೇಕು. ಬೆರಳು ನೀಲಿಯಾದರೆ, ಜೋಮಾದರೆ ಬಿಚ್ಚಿ ಸಡಿಲವಾಗಿ ಕಟ್ಟಿ.
• ಮಲಗಿದಾಗ ಕಾಲಡಿ ದಿಂಬಿಟ್ಟು ಎದೆಗಿಂತ ಎತ್ತರದಲ್ಲಿಡಿ.
• ಮೂತ್ರಪಿಂಡ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ.

*ಆಮೇಲೆ ಆಡಿಸಿ*
2-3 ದಿನದ ನಂತರ, ನೋವು ತಡೆಯುವಷ್ಟರ ಮಟ್ಟಿಗೆ, ಕಾಲ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ನೋವು ಇಳಿದ ಮೇಲೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಇದನ್ನು ಬಿಟ್ಟರೆ ಅದೇ ಕಾಲು ಮತ್ತೆ ಉಳುಕುವುದು ಹೆಚ್ಚು. ಸಣ್ಣ ಉಳುಕು 1-2 ವಾರದಲ್ಲಿ ವಾಸಿ. ಲಿಗಮೆಂಟ್ ಹರಿದಿದ್ದರೆ ತಿಂಗಳುಗಳೇ ಬೇಕು. 5 ದಿನದಲ್ಲೂ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ.

*ತಮಿಳಿನಲ್ಲಿ ಹೇಳಲು*
ಉಳುಕು = ಸುಳುಕ್ಕು, ನೋವು = ವಲಿ, ಊತ = ವೀಕ್ಕಂ, ಮೂಳೆ = ಎಲುಂಬು. ಊರಿನಿಂದ ಬಂದ ಅಪ್ಪ-ಅಮ್ಮನಿಗೂ ಇದನ್ನು ಬರೆದುಕೊಡಿ.

ಮನೆಯವರಿಗೆ, ಕನ್ನಡ ಗುಂಪಿಗೆ ಕಳುಹಿಸಿ. ಆರೋಗ್ಯವಾಗಿರಿ 🙏